ಶಿಸ್ತಿನ ಪಾಠ ಯಾರಿಗೆ ಹೇಳುತ್ತಿದ್ದೀರಿ?

ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಒಂದೇ ಪದ ತಲೆಯೊಳಗೆ ಕುಟ್ಟುತ್ತಿದೆ. ಶಿಸ್ತು. ಕಚೇರಿಗೆ ಹೋಗಿ ಬಂದೆ, ಅಡುಗೆ ಮಾಡಿದೆ, ಮಗಳಿಗೆ ಬಡಿಸಿದೆ, ಆದರೂ ಅದು ಹೋಗಲಿಲ್ಲ. ಮಲಗುವ ಮುಂಚೆ ಬರೆದುಬಿಡುತ್ತೇನೆ. ಬರೆಯುತ್ತೇನೆ ಎಂದರೆ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ಈ ವಾರ ಬೆರಳುಗಳು ಅಕ್ಷರ ಒತ್ತುವ ಸ್ಥಿತಿಯಲ್ಲಿಲ್ಲ. ನನಗೆ ರುಮಟಾಯ್ಡ್ ಸಂಧಿವಾತ ಎಂಬ ಕೀಲುರೋಗವಿದೆ, ಹಳೆಯ ಓದುಗರಿಗೆ ಗೊತ್ತೇ ಇದೆ, ಮೊದಲಿನಿಂದ ಹೇಳುವುದಿಲ್ಲ.

ಇವತ್ತು ಚಿನ್ನದ ಸಾಲದ ಬಡ್ಡಿ ಕಟ್ಟಲು ಬ್ಯಾಂಕಿಗೆ ಹೋಗಿದ್ದೆ. ಅಮ್ಮ ಕೊಟ್ಟ ಎರಡು ಬಳೆಗಳು ಮೂರು ವರ್ಷದಿಂದ ಅಲ್ಲೇ ಇವೆ. ನನ್ನ ಮುಂದೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದರು. ಅಡವಿನ ಚೀಟಿ ಇಟ್ಟಿದ್ದ ಪ್ಲಾಸ್ಟಿಕ್ ಕವರಿನ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದರು. ಹಿಂದೆ ನಿಂತಿದ್ದ ಹುಡುಗ ನಕ್ಕ. ನಾನು ಅವರ ಕೈ ನೋಡಿದೆ. ಗೆಣ್ಣುಗಳು ಗಜ್ಜುಗದ ಹಾಗೆ ಉಬ್ಬಿವೆ, ನಾಲ್ಕೂ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ, ಹೆಬ್ಬೆರಳು ನಡುವಿನಲ್ಲೇ ಮಡಿಚಿಕೊಂಡಿದೆ. ಏನು ಕಾಯಿಲೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಹತ್ತು ವರ್ಷದ ನಂತರ ನನ್ನ ಕೈ ಹೇಗಿರಬಹುದು ಎಂದು ಯಾರೋ ನನ್ನ ಮುಂದೆ ಹಿಡಿದು ತೋರಿಸಿದಂತಿತ್ತು.

ಅವರು ಸಹಿ ಮಾಡಿದರು. ಕೌಂಟರಿನವರು ಕಂಪ್ಯೂಟರ್ ನೋಡಿ, "ಹೋಲುತ್ತಿಲ್ಲ, ಇನ್ನೊಮ್ಮೆ ಮಾಡಿ" ಎಂದರು. ಇನ್ನೊಮ್ಮೆ ಮಾಡಿದರು. ಹೋಲಲಿಲ್ಲ. ಮೂರನೆಯ ಸಲ ಪೆನ್ನು ಜಾರಿ ನೆಲಕ್ಕೆ ಬಿತ್ತು. "ಹೋಗಲಿ ಬಿಡಿ, ಹೆಬ್ಬೆಟ್ಟು ಒತ್ತಿಬಿಡಿ." ಆಕೆ ಥಟ್ಟನೆ ತಲೆಯೆತ್ತಿದರು. "ನಾನು ಏಳನೆಯ ತರಗತಿ ಓದಿದ್ದೇನೆ ಸಾರ್. ಹೆಬ್ಬೆಟ್ಟು ಒತ್ತುವುದಿಲ್ಲ."

ವಿಷಯ ಒಳಗಿನ ಅಧಿಕಾರಿಯ ಮೇಜಿಗೆ ಹೋಯಿತು. ಅವರು ಖಾತೆ ತೆರೆದು ನೋಡಿದರು. ಗಡುವು ಮುಗಿದಿದೆ, ಹಿಂದೆಯೂ ಎರಡು ಸಲ ತಡವಾಗಿದೆ. ಈ ಸಲ ಬಡ್ಡಿ ಮಾತ್ರ ಕಟ್ಟಿದರೆ ಸಾಲದು, ಪೂರ್ತಿ ಕಟ್ಟಿ ಬಿಡಿಸಿಕೊಂಡು ಮತ್ತೆ ಅಡವಿಡಬೇಕು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, "ದುಡ್ಡಿನ ವಿಷಯದಲ್ಲಿ ಸ್ವಲ್ಪ ಶಿಸ್ತು ಇಟ್ಟುಕೊಳ್ಳಬೇಕಮ್ಮ" ಎಂದರು.

ಶಿಸ್ತು! ಯಾರಿಗೆ ಹೇಳುತ್ತಿದ್ದೀರಿ ಸ್ವಾಮಿ?

ರುಮಟಾಯ್ಡ್ ಸಂಧಿವಾತ ಇರುವ ಹೆಂಗಸಿನ ಒಂದು ವಾರವನ್ನು ನೀವು ನೋಡಿದ್ದೀರಾ? ಇದು ವಯಸ್ಸಿಗೆ ಬರುವ ಮಂಡಿನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಕೀಲುಗಳ ಒಳಪೊರೆಯನ್ನು ತಿನ್ನುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದೇ ದಿನ. ನನಗೆ ಭಾನುವಾರ, 2.5 ಮಿಲಿಗ್ರಾಮಿನ ಆರು ಮಾತ್ರೆ. ಮರುದಿನ ಫೋಲಿಕ್ ಆಮ್ಲ. ಮರೆತು ದಿನವೂ ನುಂಗಿದರೆ ಮೂಳೆಯ ಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು, ಜೀವವೇ ಹೋಗಬಹುದು. ಅದಕ್ಕೇ ಪ್ರತಿ ಪಟ್ಟಿಯ ಮೇಲೂ ಮಾರ್ಕರ್ ಪೆನ್ನಿನಲ್ಲಿ 'ಭಾನುವಾರ' ಎಂದು ಬರೆದಿಡುತ್ತೇನೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಯಕೃತ್ತು ಹೇಗಿದೆ, ರಕ್ತಕಣ ಎಷ್ಟಿದೆ ಎಂದು. ಜೊತೆಗಿರುವ ಇನ್ನೊಂದು ಮಾತ್ರೆಯ ಕಾರಣಕ್ಕೆ ಆಗಾಗ ಕಣ್ಣಿನ ಪರೀಕ್ಷೆ. ಹನ್ನೊಂದು ವರ್ಷದಿಂದ ಇದನ್ನು ನಡೆಸುತ್ತಿದ್ದೇನೆ.

ಬೆಳಗಿನ ವಿಷಯವನ್ನೂ ಹೇಳುತ್ತೇನೆ. ಎದ್ದಾಗ ಕೈ ಮುಷ್ಟಿಯಾಗಿಯೇ ಇರುತ್ತದೆ. ಆರೂವರೆಗೆ ಕುಕ್ಕರಿನ ಮುಚ್ಚಳ ತಿರುಗಿಸಬೇಕೆಂದರೆ ಐದು ಗಂಟೆಗೆ ಏಳಬೇಕು. ಬೇಸಿನ್ನಿನಲ್ಲಿ ಬಿಸಿನೀರು, ಎರಡೂ ಕೈ ಒಳಗೆ. ಮೊದಲು ತೋರುಬೆರಳು ಬಿಡಿಸಿಕೊಳ್ಳುತ್ತದೆ, ಆಮೇಲೆ ನಡುಬೆರಳು, ಉಂಗುರ ಬೆರಳಿಗೆ ಇನ್ನೂ ಹೊತ್ತು ಬೇಕು. ನೀರು ಆರಿದರೆ ಮತ್ತೆ ಕಾಯಿಸಬೇಕು, ಆದರೆ ಪಾತ್ರೆ ಎತ್ತಲು ಬರುವುದಿಲ್ಲ, ಲೋಟದಲ್ಲಿ ಮೊಗೆದು ಮೊಗೆದು ಹಾಕಬೇಕು. ಇಷ್ಟಾದ ಮೇಲೆ ದೋಸೆಹಿಟ್ಟು, ಮಗಳ ಡಬ್ಬಿ, ಸೀರೆಯ ಪಿನ್ನು, ಬೀಗ. ಬಾಗಿಲಿನ ಬೀಗದ ಕೀಲಿ ತಿರುಗದೆ ಬಸ್ ತಪ್ಪಿದ ದಿನಗಳಿವೆ. ಆ ದಿನ ಕಚೇರಿಯಲ್ಲಿ ಕೇಳುವ ಮಾತು ಯಾವುದು ಹೇಳಿ? ಅದೇ. ಸಮಯಕ್ಕೆ ಬರುವ ಶಿಸ್ತು.

ಆ ಅಮ್ಮ ಯಾರು ಎಂದು ಆಮೇಲೆ ತಿಳಿಯಿತು. ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು, ನಾನೂ ಪಕ್ಕದಲ್ಲಿ ಕುಳಿತೆ. ನಮ್ಮ ಮೈಸೂರಿನಲ್ಲೇ ಒಂದು ಗುಡಿಯ ಮುಂದೆ ಹೂ ಕಟ್ಟಿ ಮಾರುತ್ತಾರೆ. ಹೂ ಕಟ್ಟುವವರಿಗೆ ಈ ರೋಗ ಬಂದರೆ ಏನಾಗುತ್ತದೆ ಎಂದು ಒಂದು ಕ್ಷಣ ಯೋಚಿಸಿ. ಬಾಳೆನಾರು ಬೆರಳಿಗೆ ಸುತ್ತಿ, ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಇಟ್ಟು, ಗಂಟು ಎಳೆಯಬೇಕು. ಒಂದು ಮೊಳಕ್ಕೆ ಎಷ್ಟು ಗಂಟು! ಮೊದಲು ಬೆಳಗಾಗುವಷ್ಟರಲ್ಲಿ ನಲವತ್ತು ಮೊಳ ಕಟ್ಟುತ್ತಿದ್ದರಂತೆ. ಈಗ ಒಳ್ಳೆಯ ದಿನದಲ್ಲಿ ಹನ್ನೆರಡು. ಕೆಟ್ಟ ದಿನದಲ್ಲಿ ಬೇರೆಯವರಿಂದ ಕಟ್ಟಿಸಿ, ಕೂಲಿ ಕೊಟ್ಟು, ಉಳಿದದ್ದು ಮನೆಗೆ. ಮಂಗಳವಾರ ಮಾತ್ರ ಒಂದು ವಾರವೂ ತಪ್ಪದೆ ಬರುತ್ತದೆ, ಅದು ಹೆಂಗಸರ ಸಂಘದಲ್ಲಿ ತೆಗೆದ ಸಾಲದ ಕಂತಿನ ದಿನ. "ಗೃಹಲಕ್ಷ್ಮಿಯ ಎರಡು ಸಾವಿರ ಬಂದರೆ ಮಾತ್ರೆ ತರುತ್ತೇನೆ ಅಕ್ಕ. ಬರುವುದು ತಡವಾದರೆ ಮಾತ್ರೆ ಬಿಟ್ಟಿರುತ್ತೇನೆ" ಎಂದರು.

ಬಿಟ್ಟಿರುತ್ತೇನೆ. ಈ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಏಕೆಂದರೆ ನಾನೂ ಬಿಟ್ಟಿದ್ದೇನೆ. ಇದುವರೆಗೆ ಮನೆಯಲ್ಲೂ ಹೇಳಿಲ್ಲ, ಇಲ್ಲೇ ಹೇಳುತ್ತಿದ್ದೇನೆ, ಓದಿದರೆ ಓದಲಿ.

ಎರಡು ವರ್ಷದ ಹಿಂದೆ ಮಗಳ ಕಾಲೇಜು ಶುಲ್ಕವೂ ಮನೆಸಾಲದ ಕಂತೂ ಒಟ್ಟಿಗೆ ಬಂದವು. ಯಜಮಾನರ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಯಾವುದನ್ನು ತಪ್ಪಿಸಲಿ? ಕಂತು ತಪ್ಪಿದರೆ ಅದೇ ಸಂಜೆ ಫೋನು ಬರುತ್ತದೆ, ದಂಡ ಬೀಳುತ್ತದೆ, ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕ ಕುಸಿಯುತ್ತದೆ. ಶುಲ್ಕ ತಪ್ಪಿದರೆ ಮಗಳನ್ನು ತರಗತಿಯಿಂದ ಹೊರಗೆ ನಿಲ್ಲಿಸುತ್ತಾರೆ. ಮಾತ್ರೆ ತಪ್ಪಿದರೆ ಯಾರೂ ಫೋನು ಮಾಡುವುದಿಲ್ಲ. ಮೂರು ತಿಂಗಳು ಮಾತ್ರೆಯನ್ನೂ ರಕ್ತ ಪರೀಕ್ಷೆಯನ್ನೂ ನಿಲ್ಲಿಸಿದೆ. ಮನೆಯವರ ಕಣ್ಣಿಗೆ ಬೀಳಲಿ ಎಂದು ಖಾಲಿ ಪಟ್ಟಿಗಳನ್ನು ಡಬ್ಬಿಯಲ್ಲಿ ಹಾಗೆಯೇ ಇಟ್ಟಿದ್ದೆ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ರಾತ್ರಿ ನಿದ್ದೆ ಹೋಯಿತು. ಮೂರನೆಯ ತಿಂಗಳ ಕೊನೆಗೆ ಬಲಗೈ ಮಣಿಕಟ್ಟು ಬಿಸಿಯಾಗಿ ಊದಿಕೊಂಡಿತು. ಆ ಮಣಿಕಟ್ಟು ಇವತ್ತಿಗೂ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ. ಈ ರೋಗದಲ್ಲಿ ಒಮ್ಮೆ ಸವೆದ ಕೀಲು ಮತ್ತೆ ಚಿಗುರುವುದಿಲ್ಲ.

ಆ ಮೂರು ತಿಂಗಳೂ ನನ್ನ ಕಂತು ಐದನೆಯ ತಾರೀಖಿಗೇ ಹೋಯಿತು. ಒಂದು ದಿನವೂ ತಡವಾಗಲಿಲ್ಲ. ಬ್ಯಾಂಕಿನ ದಾಖಲೆಯಲ್ಲಿ ನಾನು ಅತ್ಯಂತ ಶಿಸ್ತಿನ ಗ್ರಾಹಕಿ. ಆ ಶಿಸ್ತನ್ನು ನನ್ನ ಬಲಗೈ ಮಣಿಕಟ್ಟಿನಿಂದ ಕಿತ್ತು ಕೊಟ್ಟಿದ್ದೇನೆ ಎಂದು ಅಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ನನಗಿರುವ ಸಿಟ್ಟು ಇದೇ. ನಮ್ಮಂಥವರು ಕಂತು ಕಟ್ಟಿದಾಗ ಆ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಕಟ್ಟದಿದ್ದಾಗ ಮಾತ್ರ ಪಾಠ ಹೇಳುತ್ತಾರೆ.

"ಬ್ಯಾಂಕು ಧರ್ಮಛತ್ರವೇ? ಅದಕ್ಕೂ ನಿಯಮಗಳಿಲ್ಲವೇ?" ಎಂದು ನನ್ನ ಭಾವ ಇದರ ಕೆಳಗೆ ಖಂಡಿತ ಬರೆಯುತ್ತಾರೆ, ಗೊತ್ತಿದೆ. ಬಡ್ಡಿ ಮನ್ನಾ ಮಾಡಿ ಎಂದು ನಾನು ಕೇಳಿದೆನೇ ಭಾವ? ಆ ಅಮ್ಮ ಕೇಳಿದರೇ? ಅವರು ಬಡ್ಡಿಯ ದುಡ್ಡನ್ನು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ನಿಯಮ ಹೇಳಲಿ, ಗಡುವು ಹೇಳಲಿ. ಎದುರಿಗಿರುವವರ ಬೆರಳನ್ನೂ ನೋಡದೆ ಅವರ ನಡತೆಗೆ ಅಂಕ ಹಾಕುವ ಅಧಿಕಾರ ಯಾವ ನಿಯಮದಲ್ಲಿದೆ?

"ಸರ್ಕಾರದ ಯೋಜನೆಗಳಿವೆಯಲ್ಲ" ಎನ್ನುವವರೂ ಇದ್ದಾರೆ. ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ, ಅದರಿಂದ ಎಷ್ಟೋ ಜೀವಗಳು ಉಳಿದಿವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ನಮ್ಮ ರೋಗ ನಮ್ಮನ್ನು ಆಸ್ಪತ್ರೆಯ ಹಾಸಿಗೆಗೆ ಮಲಗಿಸುವುದು ಅಪರೂಪ. ಅದು ಔಷಧದ ಅಂಗಡಿಯ ಕೌಂಟರಿನಲ್ಲಿ, ರಕ್ತ ಪರೀಕ್ಷೆಯ ರಸೀದಿಯಲ್ಲಿ, ಕೆಲಸ ಬಿಟ್ಟು ಸರದಿಯಲ್ಲಿ ಕುಳಿತ ದಿನದ ಕೂಲಿಯಲ್ಲಿ ನಮ್ಮನ್ನು ಹಿಂಡುತ್ತದೆ. ತೆರಿಗೆಯಲ್ಲಿ ಕೆಲವು ದೀರ್ಘ ಕಾಯಿಲೆಗಳ ಖರ್ಚಿಗೆ ವಿನಾಯಿತಿ ಕೊಡುವ ಪಟ್ಟಿಯಲ್ಲೂ ನಮ್ಮ ರೋಗದ ಹೆಸರಿಲ್ಲ.

ನನ್ನ ಇಎಸ್‌ಐ ಕಥೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಅದು ಕಡಿಮೆ ಸಂಬಳದ ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ. ಇಎಸ್‌ಐ ಇದ್ದಷ್ಟು ಕಾಲ ಮಾತ್ರೆಗೆ ಕೈಯಿಂದ ಖರ್ಚಿರಲಿಲ್ಲ, ಹುಷಾರಿಲ್ಲದೆ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುವ ಭರವಸೆಯೂ ಇತ್ತು. 2017ರಲ್ಲಿ ಜಾರಿಗೆ ಬಂದ ಸಂಬಳದ ಮಿತಿ 21,000 ರೂಪಾಯಿ. ನನಗೆ ಬಡ್ತಿ ಸಿಕ್ಕಿತು, ಸಂಬಳ 22,400 ಆಯಿತು, ಮನೆಯಲ್ಲಿ ಪಾಯಸ ಮಾಡಿದೆವು. ಆರೇ ತಿಂಗಳಲ್ಲಿ ಇಎಸ್‌ಐ ಹೋಯಿತು. ಹೆಚ್ಚಾದ ದುಡ್ಡಿಗಿಂತ ಔಷಧದ ಖರ್ಚೇ ಹೆಚ್ಚಾಯಿತು. ಅಂಗವಿಕಲರಿಗೆ ಆ ಮಿತಿ 25,000. ಪ್ರಮಾಣಪತ್ರ ಇದ್ದಿದ್ದರೆ ನಾನು ಒಳಗೇ ಉಳಿಯುತ್ತಿದ್ದೆ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಈ ರೋಗ ಇಲ್ಲ. ಕೈಕಾಲುಗಳ ಚಲನೆ ನೂರಕ್ಕೆ 40ರಷ್ಟಾದರೂ ಹೋಗಿದೆ ಎಂದು ವೈದ್ಯರು ಅಳೆದು ಬರೆದುಕೊಟ್ಟರೆ ಮಾತ್ರ ನಮಗೆ ಸೌಲಭ್ಯ. ಅಷ್ಟು ಹೋಗದಿರಲಿ ಎಂದೇ ಅಲ್ಲವೇ ಮಾತ್ರೆ ನುಂಗುವುದು? ಕೈ ಕೆಡದಂತೆ ಕಾಪಾಡಿಕೊಂಡರೆ ನೆರವಿಲ್ಲ, ನೆರವಿಲ್ಲದೆ ಕೈ ಕೆಟ್ಟರೆ ಆಗ ಪ್ರಮಾಣಪತ್ರ. ಇದನ್ನು ನನಗೆ ಅರ್ಥ ಮಾಡಿಸುವವರು ಯಾರಾದರೂ ಇದ್ದರೆ ಮನೆಗೆ ಬನ್ನಿ.

2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂದಾಗ ನನಗೆ ನಿಜಕ್ಕೂ ಸಮಾಧಾನವಾಗಿತ್ತು. ಬಾಗಿಲಿಗೆ ಬಂದು ಹೆದರಿಸುವುದು ಅಪರಾಧ ಎಂದಾದರೂ ಆಯಿತಲ್ಲ. ಆದರೆ ಆ ಅಮ್ಮನನ್ನು ಯಾರೂ ಹೆದರಿಸುತ್ತಿಲ್ಲ. ಪಕ್ಕದ ಮನೆಯ ಹೆಂಗಸರೇ ಸಂಘದಲ್ಲಿದ್ದಾರೆ, ತನ್ನ ಕಂತು ತಪ್ಪಿದರೆ ಅದು ಅವರ ತಲೆಗೆ ಬರುತ್ತದೆ ಎಂಬ ನಾಚಿಕೆ. ಆ ನಾಚಿಕೆಗೆ ಮಾತ್ರೆ ಬಿಡುತ್ತಾರೆ. ಬೆರಳು ಊದಿದ ವಾರ ಕಂತನ್ನು ಮುಂದಕ್ಕೆ ಹಾಕಿ, ದಂಡವಿಲ್ಲದೆ ಕೊನೆಗೆ ಸೇರಿಸಿಕೊಳ್ಳುತ್ತೇವೆ ಎಂದು ಒಂದು ಸಾಲು ಇದ್ದರೆ ಬ್ಯಾಂಕೂ ಮುಳುಗುವುದಿಲ್ಲ, ಸಂಘವೂ ಮುಳುಗುವುದಿಲ್ಲ. ಕೊರೊನಾ ಬಂದ 2020ರಲ್ಲಿ ಇಡೀ ದೇಶದ ಕಂತುಗಳನ್ನು ಆರು ತಿಂಗಳು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿರಲಿಲ್ಲವೇ? ಬಡ್ಡಿ ಓಡುತ್ತಲೇ ಇತ್ತು, ಇರಲಿ. ಉಸಿರು ಬಿಡಲು ಜಾಗವಾದರೂ ಸಿಕ್ಕಿತ್ತು. ಎಲ್ಲರಿಗೂ ಒಟ್ಟಿಗೆ ಕಾಯಿಲೆಯ ಭಯ ಬಂದರೆ ತಾರೀಖು ಸರಿಯುತ್ತದೆ, ಒಬ್ಬಳಿಗೆ ಜೀವನವಿಡೀ ಕಾಯಿಲೆ ಇದ್ದರೆ ಸರಿಯುವುದಿಲ್ಲ.

ನೆಂಟರ ಮಾತಂತೂ ಬೇಡವೇ ಬೇಡ. ಬದನೆಕಾಯಿ ಬಿಡು, ತಣ್ಣೀರು ಮುಟ್ಟಬೇಡ, ಬೆಳಿಗ್ಗೆ ವಾಕಿಂಗ್ ಹೋಗು. ಅವರ ಪ್ರಕಾರವೂ ನನಗೆ ಪಥ್ಯದ ಶಿಸ್ತಿಲ್ಲ. ತಣ್ಣೀರು ಮುಟ್ಟದೆ ಪಾತ್ರೆ ತೊಳೆಯುವವರು ಯಾರು ಎಂದು ಮಾತ್ರ ಯಾರೂ ಹೇಳಿಲ್ಲ.

ಮೆಟ್ಟಿಲ ಮೇಲೆ ಮಾತಾಡುವಾಗ ಆ ಅಮ್ಮನ ಮಾತ್ರೆಯ ದಿನ ಗುರುವಾರ ಎಂದು ಗೊತ್ತಾಯಿತು. ನನ್ನದು ಭಾನುವಾರ ಎಂದೆ. ಮೊದಲ ಸಲ ನಕ್ಕರು. "ಮರುದಿನ ನಿಮಗೂ ವಾಕರಿಕೆ ಬರುತ್ತದೆಯೇ ಅಕ್ಕ?" ಎಂದು ಕೇಳಿದರು. ಬರುತ್ತದೆ ಎಂದೆ. ಆಮೇಲೆ ಅವರನ್ನು ಕರೆದುಕೊಂಡು ಮತ್ತೆ ಒಳಗೆ ಹೋದೆ. ಅಧಿಕಾರಿಯ ಮೇಜಿನ ಮೇಲೆ ನನ್ನ ಎರಡೂ ಕೈಗಳನ್ನು ಚಾಚಿ ಇಟ್ಟೆ, ಪಕ್ಕದಲ್ಲಿ ಅವರ ಕೈಗಳನ್ನು ಇಡಲು ಹೇಳಿದೆ. ಸಹಿ ಏಕೆ ಹೋಲುತ್ತಿಲ್ಲ ಎಂದು ಈಗ ನೋಡಿ ಸಾರ್, ಮಾದರಿ ಸಹಿಯನ್ನು ಬದಲಿಸಿಕೊಳ್ಳಲು ಅರ್ಜಿ ಕೊಡಿ ಎಂದೆ. ನನ್ನ ದನಿ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಅರ್ಜಿ ತರಿಸಿದರು. ಸಾಲದ ವಿಷಯದಲ್ಲಿ ಅವರ ಮಾತು ಬದಲಾಗಲಿಲ್ಲ, ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು, ಅಷ್ಟೇ. ಅಸಲು ಎಲ್ಲಿಂದ ಹೊಂದಿಸುತ್ತಾರೋ ಆ ಅಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅರ್ಜಿಯಲ್ಲಿ ಮೂರು ಕಡೆ ಸಹಿ ಮಾಡಬೇಕಿತ್ತು. ಪೆನ್ನಿಗೆ ಕರವಸ್ತ್ರ ಸುತ್ತಿ ದಪ್ಪ ಮಾಡಿಕೊಟ್ಟೆ, ಮನೆಯಲ್ಲಿ ನಾನು ಹಾಗೆಯೇ ಬರೆಯುವುದು. ಅವರು ಮೇಜಿಗೆ ಮೊಣಕೈ ಊರಿ, ತುಟಿ ಕಚ್ಚಿಕೊಂಡು, ತಮ್ಮ ಹೆಸರಿನ ನಾಲ್ಕು ಅಕ್ಷರಗಳನ್ನು ಮೂರು ಸಲ ಬರೆದರು. ಒತ್ತಕ್ಷರವನ್ನೂ ಬಿಡಲಿಲ್ಲ.