ಹುಟ್ಟಿದ ವರ್ಷವನ್ನೇ ಪ್ರಶ್ನಿಸಿದವರಿಗೆ ಮೈಕು ಕೊಟ್ಟವರು

ನಮ್ಮೂರಿನ ಸಂಘವೊಂದು ಶತಮಾನೋತ್ಸವ ಮಾಡುತ್ತಿದೆ, ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ. ನನ್ನ ಅಜ್ಜ ಆ ಸಂಘದ ಕಾರ್ಯದರ್ಶಿಯಾಗಿದ್ದವರು. ಅಟ್ಟದ ಟ್ರಂಕಿನಲ್ಲಿ ಅವರ ಕಾಲದ ನಡಾವಳಿ ಪುಸ್ತಕ ಇತ್ತು. ಕೆಂಪು ಬಟ್ಟೆಯ ರಟ್ಟು, ಅಂಚನ್ನೆಲ್ಲ ಬೆಳ್ಳಿಹುಳು ತಿಂದಿದ್ದರೂ ಮೊದಲ ಪುಟ ಗಟ್ಟಿಯಾಗಿಯೇ ಉಳಿದಿತ್ತು. ಊರಿಗೆ ಹೋದಾಗ ಅದರ ಫೋಟೊ ತೆಗೆದುಕೊಂಡಿದ್ದೆ. 'ಈ ದಿನ ಸಂಘವನ್ನು ಸ್ಥಾಪಿಸಲಾಯಿತು' ಎಂಬ ಸಾಲಿನ ಕೆಳಗಿರುವ ತಾರೀಕು, ಈಗ ಬ್ಯಾನರಿನಲ್ಲಿ ಹಾಕಿರುವ ವರ್ಷಕ್ಕಿಂತ ಈಚಿನದು. ಫೋಟೊ ಸಮೇತ ಅದನ್ನೇ ಬರೆದು ಕಳಿಸಿದೆ.

ಫೋನು ಬಂತು. "ಇದನ್ನೆಲ್ಲ ಈಗ ಯಾಕೆ ಕೆದಕ್ತೀಯ ಮಾರಾಯ? ಮಂತ್ರಿಗಳಿಗೆ ಆಮಂತ್ರಣ ಹೋಗಿ ಆಯ್ತು. ಹೊರಗಿರೋ ನಿಮಗೆ ಇಲ್ಲಿಯ ಕಷ್ಟ ಅರ್ಥ ಆಗೋದಿಲ್ಲ." ಲೇಖನ ಅಚ್ಚಾಗಲಿಲ್ಲ. ಆ ಪುಸ್ತಕದ ನಂತರದ ಸಂಪುಟಗಳು ಎಲ್ಲಿವೆ ಎಂದು ಕೇಳಿದೆ. ಕಟ್ಟಡಕ್ಕೆ ಬಣ್ಣ ಹೊಡೆಸುವಾಗ ಹಳೆಯ ಪೇಪರಿನ ಜೊತೆ ಗುಜರಿಗೆ ಹೋಗಿರಬೇಕು ಅಂದರು. ಹೇಳಿದ ದನಿಯಲ್ಲಿ ಒಂದಿಷ್ಟೂ ಬೇಸರ ಇರಲಿಲ್ಲ. ಲೇಖನ ಬಾರದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು.

ನಾನಿರುವುದು ಲಂಡನ್ನಿನಲ್ಲಿ. ಇಲ್ಲಿ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಫ್ರೀಮೇಸನ್ಸ್ ಹಾಲ್ ಎಂಬ ಭಾರಿ ಕಟ್ಟಡವಿದೆ, ಫ್ರೀಮೇಸನ್ನರು (ಚಿಕ್ಕದಾಗಿ ಮೇಸನ್ನರು) ಎಂಬ ಹಳೆಯ ಭ್ರಾತೃಸಂಘದ್ದು. ಮೊದಲ ಮಹಾಯುದ್ಧದಲ್ಲಿ ಸತ್ತ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರ ನೆನಪಿಗೆ 1927ರಿಂದ 1933ರವರೆಗೆ ಕಟ್ಟಿದ್ದು. ಫ್ರೀಮೇಸನ್ನರೆಂದರೆ ಮುಚ್ಚಿದ ಬಾಗಿಲು, ಗುಟ್ಟಿನ ಕೈಕುಲುಕು ಎಂದೇ ನಾವೆಲ್ಲ ಕೇಳಿ ಬೆಳೆದದ್ದು. ಅವರ ಸ್ಥಳೀಯ ಶಾಖೆಗೆ ಲಾಡ್ಜು ಎಂದು ಹೆಸರು. ಉತ್ತರ ಭಾರತದಲ್ಲಿ ಲಾಡ್ಜು ಸೇರುವ ಕಟ್ಟಡಗಳನ್ನು ಜನ ಜಾದೂಘರ್ ಎಂದೇ ಕರೆಯುತ್ತಿದ್ದರು. ಆದರೆ ಈ ಕಟ್ಟಡದ ಮ್ಯೂಸಿಯಂ ಮತ್ತು ಗ್ರಂಥಾಲಯಕ್ಕೆ ಯಾರು ಬೇಕಾದರೂ ಹೋಗಬಹುದು. ನೀವು ಸದಸ್ಯರೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. 1751ರಿಂದ 1921ರವರೆಗಿನ ಅವರ ಸದಸ್ಯತ್ವದ ರಿಜಿಸ್ಟರುಗಳು, ಭಾರತದಲ್ಲಿ ಇಂಗ್ಲೆಂಡಿನ ಅಧೀನದಲ್ಲಿದ್ದ ಲಾಡ್ಜುಗಳವೂ ಸೇರಿ, ಈಗ ಆನ್‌ಲೈನಿನಲ್ಲೇ ಸಿಗುತ್ತವೆ.

ಅಲ್ಲಿಯೇ ನನಗೆ ಕ್ವಾಟುವೋರ್ ಕೊರೊನಾಟಿ ಲಾಡ್ಜಿನ ಪರಿಚಯವಾದದ್ದು. ನಂಬರು 2076. ಇದು ಸಂಶೋಧನೆಗೆಂದೇ ಹುಟ್ಟಿದ ಲಾಡ್ಜು. ಬೇರೆ ಲಾಡ್ಜುಗಳಲ್ಲಿ ಹೊಸಬರಿಗೆ ದೀಕ್ಷೆ ಕೊಡುತ್ತಾರೆ, ಇಲ್ಲಿ ಕೊಡುವುದಿಲ್ಲ. ಆಗಲೇ ಮೇಸನ್ ಆಗಿದ್ದು, ಓದು ಬರಹದಲ್ಲಿ ಹೆಸರು ಮಾಡಿದವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಪೂರ್ಣ ಸದಸ್ಯರು ನಲವತ್ತು ಜನಕ್ಕಿಂತ ಹೆಚ್ಚಾಗುವ ಹಾಗಿಲ್ಲ. 1884ರಲ್ಲಿ ಒಂಬತ್ತು ಜನ ಸೇರಿ ಸನ್ನದು ಪಡೆದರು. ಮೊದಲ ಅಧ್ಯಕ್ಷ ಸರ್ ಚಾರ್ಲ್ಸ್ ವಾರನ್, ಜೆರುಸಲೇಮಿನಲ್ಲಿ ಉತ್ಖನನ ಮಾಡಿದ್ದ ಸೈನ್ಯದ ಎಂಜಿನಿಯರು. ಅವರನ್ನು ಸರ್ಕಾರ ದಕ್ಷಿಣ ಆಫ್ರಿಕಾದ ಬೆಚುವಾನಾಲ್ಯಾಂಡಿಗೆ ಕಳಿಸಿದ್ದರಿಂದ ಲಾಡ್ಜಿನ ಪ್ರತಿಷ್ಠಾಪನೆ 1886ರ ಜನವರಿ 12ರವರೆಗೆ ಕಾಯಬೇಕಾಯಿತು. ಅದೇ ವರ್ಷ ಅವರು ಲಂಡನ್ ಪೊಲೀಸ್ ಕಮಿಷನರ್ ಆದರು. ಉಳಿದವರಲ್ಲಿ ಒಬ್ಬರು ಪಾದ್ರಿ, ಒಬ್ಬರು ಕಾದಂಬರಿಕಾರ. ಹಳೆಯ ಹಸ್ತಪ್ರತಿಗಳ ಬೆನ್ನು ಹತ್ತಿದ್ದ ಹ್ಯೂಘನ್, ದೊಡ್ಡ ಇತಿಹಾಸವನ್ನೇ ಬರೆಯುತ್ತಿದ್ದ ಗೌಲ್ಡ್ ಕೂಡ ಇದ್ದರು.

ಅವರು ಎದುರು ಹಾಕಿಕೊಂಡದ್ದು ತಮ್ಮದೇ ಪುರಾಣವನ್ನು. 1723ರಲ್ಲಿ ಜೇಮ್ಸ್ ಆಂಡರ್ಸನ್ ಬರೆದ ಮೇಸನ್ನರ ನಿಯಮಾವಳಿಯಲ್ಲಿ ಚರಿತ್ರೆ ಆದಮನಿಂದಲೇ ಶುರುವಾಗುತ್ತದೆ, ಸೊಲೊಮನ್ ದೊರೆಯ ದೇವಾಲಯವೂ ಬರುತ್ತದೆ. ನಮ್ಮ ಪ್ರತಿ ಊರಿನ ಕೆರೆಗೂ ಬಂಡೆಗೂ ವನವಾಸದ ಪಾಂಡವರು ಬಂದು ಹೋಗಿರುವ ಹಾಗೆ. ಈ ಒಂಬತ್ತು ಜನ ಮಾತ್ರ ಕಾಗದ ತೋರಿಸಿ ಅಂದರು. ಅವರ ಅತಿ ಹಳೆಯ ದಾಖಲೆಗಳಲ್ಲಿ ಒಂದಾದ, 794 ಸಾಲಿನ ರೀಜಿಯಸ್ ಪದ್ಯವನ್ನು ಮೇಸನ್ನರದ್ದು ಎಂದು 1840ರ ಸುಮಾರಿಗೆ ಗುರುತಿಸಿದವರು ಹ್ಯಾಲಿವೆಲ್ ಎಂಬ ವಿದ್ವಾಂಸರು, ಮೇಸನ್ ಅಲ್ಲದವರು. ಹೊರಗಿನವನು ಹೇಳಿದ ಎಂದು ಇವರು ಮುಖ ತಿರುಗಿಸಲಿಲ್ಲ. 1889ರಲ್ಲಿ ಅದರ ಪಡಿಯಚ್ಚನ್ನು ತಾವೇ ಹೊರತಂದರು.

ನನಗೆ ತುಂಬ ಹಿಡಿಸಿದ್ದು ಅವರ ವಾರ್ಷಿಕ ಸಂಪುಟ. ಒಬ್ಬರು ಪ್ರಬಂಧ ಓದುತ್ತಾರೆ. ಅದರ ಮೇಲೆ ಉಳಿದವರು ಹೇಳಿದ ಟೀಕೆಯೂ ಪ್ರಬಂಧದ ಕೆಳಗೇ ಹೆಸರಿನ ಸಮೇತ ಅಚ್ಚಾಗುತ್ತದೆ. ಈ ಆಧಾರ ಸಾಲದು, ಈ ತಾರೀಕು ತಪ್ಪು, ಇಂಥ ದಾಖಲೆಯನ್ನು ನೀವು ನೋಡಿಯೇ ಇಲ್ಲ, ಹೀಗೆ. ಆಮೇಲೆ ಪ್ರಬಂಧಕಾರರ ಉತ್ತರ. ಜಗಳ ಪೂರ್ತಿ ಪುಸ್ತಕದಲ್ಲಿರುತ್ತದೆ, ನೂರು ವರ್ಷದ ನಂತರ ಓದುವವನೂ ಯಾರು ಸರಿ ಎಂದು ತಾನೇ ತೂಗಿ ನೋಡಬಹುದು. ಲಂಡನ್ನಿಗೆ ಬರಲಾಗದವರಿಗಾಗಿ 1887ರಲ್ಲಿ ಅಂಚೆ ಮೂಲಕ ಸೇರುವ ಒಂದು ಬಳಗ ಶುರು ಮಾಡಿದರು. ಚಂದಾ ಕಟ್ಟಿದರೆ ಸಂಪುಟ ಮನೆಗೆ ಬರುತ್ತಿತ್ತು. ಆ ಬಳಗ ಪ್ರಪಂಚದಾದ್ಯಂತ ಸಾವಿರಗಟ್ಟಲೆ ಜನಕ್ಕೆ ಬೆಳೆಯಿತು.

ಇನ್ನು 2016ರ ಕಥೆ. ಮೇಸನ್ನರ ನಂಬಿಕೆಯಂತೆ ಮೊದಲ ಗ್ರ್ಯಾಂಡ್ ಲಾಡ್ಜು, ಅಂದರೆ ಲಾಡ್ಜುಗಳ ಮೇಲಿನ ಕೇಂದ್ರ ಸಂಸ್ಥೆ, ಹುಟ್ಟಿದ್ದು 1717ರ ಜೂನ್ 24ರಂದು, ಸೇಂಟ್ ಪಾಲ್ ಚರ್ಚಿನ ಹತ್ತಿರದ ಗೂಸ್ ಆ್ಯಂಡ್ ಗ್ರಿಡೈರನ್ ಎಂಬ ಮದ್ಯದಂಗಡಿಯಲ್ಲಿ. ಅಂದರೆ 2017ಕ್ಕೆ ಮುನ್ನೂರು ವರ್ಷ. ಸಂಭ್ರಮಕ್ಕೆ ರಾಯಲ್ ಆಲ್ಬರ್ಟ್ ಹಾಲ್ ಗೊತ್ತಾಗಿತ್ತು. ಅದಕ್ಕೆ ಸುಮಾರು ಒಂದು ವರ್ಷ ಮುಂಚೆ, ಕೇಂಬ್ರಿಜ್‌ನಲ್ಲಿ ಈ ಸಂಶೋಧನಾ ಲಾಡ್ಜು ನಡೆಸಿದ ಸಮ್ಮೇಳನದಲ್ಲಿ ಆ್ಯಂಡ್ರೂ ಪ್ರೆಸ್ಕಾಟ್ ಮತ್ತು ಸೂಸನ್ ಮಿಚೆಲ್ ಸಾಮರ್ಸ್ ಎಂಬ ಇಬ್ಬರು ಇತಿಹಾಸಕಾರರು ಎದ್ದು ನಿಂತು, 1717 ಎಂಬುದಕ್ಕೆ ಆ ಕಾಲದ ಆಧಾರವೇ ಇಲ್ಲ ಅಂದರು. ಆ ಕಥೆಯನ್ನು ಮೊದಲು ಬರೆದವರು ಅದೇ ಆಂಡರ್ಸನ್, ಅದೂ 1738ರ ಎರಡನೆಯ ಮುದ್ರಣದಲ್ಲಿ. 1723ರ ಮೊದಲ ಮುದ್ರಣದಲ್ಲಿ ಅದರ ಸೊಲ್ಲೇ ಇಲ್ಲ. 1721ರ ಜನವರಿಯಲ್ಲಿ ಮೇಸನ್ ಆದ ವಿಲಿಯಂ ಸ್ಟುಕ್ಲಿ, ಎಷ್ಟೋ ವರ್ಷಗಳಿಂದ ಲಂಡನ್ನಿನಲ್ಲಿ ಹೊಸಬರೇ ಸೇರಿರಲಿಲ್ಲ, ವಿಧಿ ನಡೆಸಲು ಬೇಕಾದಷ್ಟು ಜನ ಸಿಗುವುದೂ ಕಷ್ಟವಾಯಿತು ಎಂದು ಬರೆದಿಟ್ಟಿದ್ದಾರೆ. ನಾಲ್ಕು ವರ್ಷ ಮುಂಚೆಯೇ ಗ್ರ್ಯಾಂಡ್ ಲಾಡ್ಜು ಹುಟ್ಟಿದ್ದರೆ ಹೀಗಾಗುತ್ತಿತ್ತೆ? ನಿಜವಾದ ಹುಟ್ಟು 1721ರದ್ದು ಎಂಬುದು ಅವರ ವಾದ.

ಇಬ್ಬರೂ ಆ ಲಾಡ್ಜಿನ ಸದಸ್ಯರಲ್ಲ. ಸಾಮರ್ಸ್ ಹೆಂಗಸು, ಸದಸ್ಯರಾಗುವ ಹಾಗೂ ಇಲ್ಲ. ಆದರೂ ಕರೆದರು, ಮೈಕು ಕೊಟ್ಟರು. ಒಪ್ಪದವರು ಒಳಗಿನವರಲ್ಲೇ ಇದ್ದರು, ತಮ್ಮ ಆಧಾರಗಳನ್ನು ಹಿಡಿದು ಖಂಡಿಸಿ ಬರೆದರು. ವಾದ ಇನ್ನೂ ಮುಗಿದಿಲ್ಲ. "ಈಗ ಯಾಕೆ ಕೆದಕ್ತೀರಿ" ಎಂದು ಅವರ ಬಾಯಿ ಮುಚ್ಚಿಸಿದವರು ಮಾತ್ರ ಇಲ್ಲ.

ನಮ್ಮಲ್ಲಿ? ಸಂಘದ ವರ್ಷವೆಂಬ ಸಣ್ಣ ಸಂಗತಿ ಹಾಗಿರಲಿ. 1989ರಲ್ಲಿ ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರೇ ಶರಣರ ಚರಿತ್ರೆಯ ಬಗ್ಗೆ ಬರೆದದ್ದನ್ನು ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು. ಪ್ರಬಂಧದ ಕೆಳಗೆ ಟೀಕೆ ಅಚ್ಚು ಹಾಕಿ ಮುಗಿಸಬಹುದಾಗಿದ್ದ ಸಂಗತಿ ಅದು. ಜಾತಿ ಸಂಘ, ಮಠ, ದೇವಸ್ಥಾನ, ಶಾಲೆ, ಯಾವುದರ ಸ್ಮರಣ ಸಂಚಿಕೆ ತೆಗೆದರೂ ಅದೇ: ಶುಭ ಸಂದೇಶಗಳು, ಹಾರ ಹಾಕಿಕೊಂಡವರ ಫೋಟೊಗಳು, ಸ್ಥಾಪಕರು 'ಮಹಾನ್ ಚೇತನ'ವಾಗಿದ್ದರು ಎಂಬ ಮಾತು. ಮೊದಲ ಸಭೆಯಲ್ಲಿ ಎಷ್ಟು ಜನ ಇದ್ದರು, ದುಡ್ಡು ಎಲ್ಲಿಂದ ಬಂತು, ಯಾರ ಜೊತೆ ಯಾರು ಜಗಳವಾಡಿ ಹೊರಗೆ ಹೋದರು, ಒಂದೂ ಇರುವುದಿಲ್ಲ. ಇದ್ದರೆ ಆ ಸಂಚಿಕೆಯನ್ನು ನಾನು ಎರಡು ಸಲ ಓದುತ್ತಿದ್ದೆ.

ಇಲ್ಲಿಯವರನ್ನು ಹೊಗಳುವಾಗ ಕೆಲವು ಮಾತು ಒಪ್ಪಿಕೊಳ್ಳಬೇಕು. ಪ್ರಬಂಧ ಕೇಳಿದರೂ ಅವರು ವರ್ಷ ಬದಲಿಸಲಿಲ್ಲ. 2017ರ ಅಕ್ಟೋಬರ್ 31ರಂದು ಆಲ್ಬರ್ಟ್ ಹಾಲಿನಲ್ಲಿ ಮುನ್ನೂರರ ಸಂಭ್ರಮ ನಡೆದೇ ನಡೆಯಿತು. ಬಂಗಾಳದಲ್ಲಿ ಪ್ರಸನ್ನಕುಮಾರ ದತ್ತ ಎಂಬುವರು ಹಿಂದೂ ಎಂಬ ಕಾರಣಕ್ಕೆ ವರ್ಷಗಟ್ಟಲೆ ಹೋರಾಡಿ 1872ರಲ್ಲಿ ಒಳಗೆ ಹೋಗಬೇಕಾಯಿತು. ಭ್ರಾತೃತ್ವದ ಮಾತಾಡುವವರಿಗೆ ಅದು ಶೋಭೆಯಲ್ಲ. ನಮ್ಮಲ್ಲಿಯೂ ಏನೂ ಇಲ್ಲವೆಂದರೆ ಅನ್ಯಾಯವಾದೀತು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನಗಳ ತಾಳೆಗರಿ ಕೂಡಿಸಿದರು, ಅಚ್ಚುಕೂಟ ಹಾಕುವುದಕ್ಕೆ ಮನೆಯನ್ನೇ ಮಾರಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಿಂದ ಇದೆ, ಅದರ ತ್ರೈಮಾಸಿಕದಲ್ಲಿ ಗಟ್ಟಿ ಲೇಖನಗಳು ಬಂದಿವೆ. ಈಚೆಗೆ ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನೂ ಅದು ಕೈಗೆತ್ತಿಕೊಂಡಿದೆ.

ಆದರೂ ನನ್ನ ಅಸಮಾಧಾನ ಹೋಗಿಲ್ಲ. ಹಳಕಟ್ಟಿಯವರು ಯಾಕೆ ಮನೆ ಮಾರಬೇಕಿತ್ತು? ಲಂಡನ್ನಿನ ಒಂಬತ್ತು ಜನ ಯಾರೂ ಮನೆ ಮಾರಲಿಲ್ಲ. ಒಂದು ಕಾಯಂ ವ್ಯವಸ್ಥೆ ಕಟ್ಟಿದರು, ಊರೂರಿನಿಂದ ಚಂದಾ ತರಿಸಿಕೊಂಡರು, ತಮ್ಮ ನಂತರವೂ ಕೆಲಸ ನಡೆಯುವ ಹಾಗೆ ನೋಡಿಕೊಂಡರು. ನಮ್ಮ ಸಂಘಗಳಿಗೂ ಸದಸ್ಯರಿದ್ದಾರೆ, ದುಡ್ಡಿದೆ, ಕಟ್ಟಡವಿದೆ. ಶತಮಾನೋತ್ಸವದ ಶಾಮಿಯಾನಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು, ಹಳೆಯ ಪುಸ್ತಕಗಳನ್ನು ಓದಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ವರ್ಷದ ಮಟ್ಟಿಗೆ ಸಂಬಳ ಕೊಟ್ಟು ಕೂರಿಸಿದರೆ ಸಾಕು. ಯಾವ ಸಂಘವಾದರೂ ಮುಂದೆ ಬರಲಿ, ಮೊದಲ ತಿಂಗಳ ಸಂಬಳ ನಾನು ಕೊಡುತ್ತೇನೆ.