ನೆರಳು ಕೊಡುವ ಕ್ಲಿನಿಕ್ಕು

ಕೋಲಾರದಲ್ಲಿ ನಮ್ಮೂರ ಬಸ್ಸು ನಿಲ್ಲುವ ಜಾಗದಲ್ಲಿ ಮೊದಲು ಮೂರು ಹುಣಸೆಮರ ಇದ್ದವು. ರಸ್ತೆ ಅಗಲ ಮಾಡುವಾಗ ಹೋದವು. ಬದಲಿಗೆ ಸ್ಟೀಲಿನ ತಂಗುದಾಣ ಬಂತು. ಅದರ ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಮೂರಕ್ಕೆ ಅಲ್ಲಿನ ಬೆಂಚಿನ ಮೇಲೆ ಕೂತವರು ಕೂತಷ್ಟೇ ಬೇಗ ಏಳುತ್ತಾರೆ. ಮರ ಇದ್ದ ಕಡೆ ಈಗ ದೊಡ್ಡ ಹೋರ್ಡಿಂಗು. ಅದರಲ್ಲೊಂದು ಹುಡುಗಿಯ ಮುಖ. ಅರ್ಧ ಕಪ್ಪು, ಅರ್ಧ ಟ್ಯೂಬ್‌ಲೈಟು. ಕೆಳಗೆ, 'ಬಿಸಿಲಿನ ಕಲೆಗೆ ಟಾಟಾ! ಆರೇ ಸಿಟ್ಟಿಂಗ್!'

ನಮ್ಮ ದೊಡ್ಡಮ್ಮನಿಗೆ ಎರಡೂ ಕೆನ್ನೆ ಮೇಲೆ ಬಂಗು. ಮೂವತ್ತು ವರ್ಷ ಟೊಮೆಟೊ ತೋಟದಲ್ಲಿ ಬಗ್ಗಿ ಎದ್ದ ಮುಖ ಅದು. ಅವರಿಗೆ ಅದರ ಚಿಂತೆಯೇ ಇರಲಿಲ್ಲ. ಮಗಳ ಮದುವೆಗೆ ಗೊತ್ತು ಮಾಡಿದ ಫೋಟೋಗ್ರಾಫರ್ ಹುಡುಗ "ಆಲ್ಬಮ್‌ನಲ್ಲಿ ಎದ್ದು ಕಾಣುತ್ತೆ ಆಂಟಿ" ಅಂದ. ಸರಿ, ಹೋರ್ಡಿಂಗಿನ ಕ್ಲಿನಿಕ್ಕಿಗೆ ಹೋದೆವು.

ಒಳಗೆ ಎಸಿ. ಕಿಟಕಿಗೆ ದಪ್ಪ ಪರದೆ. ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಪೀಲ್ ಬಗ್ಗೆ ಹೇಳಿದಳು. ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವುದು ಅಷ್ಟೇ. ದೊಡ್ಡಮ್ಮ ಹಿಂದೆ ಸರಿದರು.

"ಹೆದರಬೇಡಿ ಅಮ್ಮಾ, ಗ್ಲೈಕಾಲಿಕ್ ಆಸಿಡ್. ಕಬ್ಬಿನಲ್ಲೇ ಇರೋದು. ನ್ಯಾಚುರಲ್."

"ಕಬ್ಬಿನಿಂದ ಸಾರಾಯೀನೂ ಬರುತ್ತೆ ಕಣಮ್ಮಾ."

ಪ್ಯಾಕೇಜು 18,000 ರೂಪಾಯಿ. ದೊಡ್ಡಮ್ಮ ಎಲ್ಲವನ್ನೂ ಟೊಮೆಟೊ ಬಾಕ್ಸಿನಲ್ಲಿ ಅಳೆಯುವವರು. 15 ಕೆಜಿ ಬಾಕ್ಸಿಗೆ 300 ಅಂದರೆ ಎರಡು ಕೆನ್ನೆಗೆ 60 ಬಾಕ್ಸು. "2023ರ ಜುಲೈನಲ್ಲಿ ಬರಬೇಕಿತ್ತು, ಬಾಕ್ಸು 2,000 ದಾಟಿತ್ತು, ಒಂಬತ್ತರಲ್ಲಿ ಮುಗೀತಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹುಡುಗಿ ಕೊನೆಗೆ ಕಂಡೀಷನ್ ಹೇಳಿದಳು. "ಬಿಸಿಲಿಗೆ ಮಾತ್ರ ಹೋಗಬಾರದು."

ಸುಳ್ಳಲ್ಲ. ಸುಲಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತೆ, ಹೋದ ಬಂಗು ನೆಂಟರ ಹಾಗೆ ವಾಪಸ್ಸು ಬರುತ್ತೆ. ನಮ್ಮಂಥ ಬಣ್ಣದವರಲ್ಲಿ ಕೆಲವರಿಗೆ ಇಂಥ ಪೀಲು, ಲೇಸರಿನಿಂದಲೇ ಕಲೆ ಜಾಸ್ತಿ ಆಗುವುದೂ ಉಂಟು. ಅಸಲಿಗೆ ಮುಖ ಕಪ್ಪಾಗುವುದು ಅಂದರೆ ಚರ್ಮ ತಾನೇ ಕೊಡೆ ಬಿಚ್ಚಿಕೊಂಡ ಹಾಗೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಕಿರಣಗಳನ್ನು ಹೀರಿ ಒಳಗಿನದನ್ನು ಕಾಯುತ್ತೆ. ಇಲ್ಲಿ 60 ಬಾಕ್ಸು ತಗೊಂಡು ಕೊಡೆ ಕಿತ್ತುಕೊಂಡು, ಈಚೆಗೆ ಬರಬೇಡಿ ಅಂತಾರೆ.

"ತೋಟಕ್ಕೆ ಯಾರು ಹೋಗ್ತಾರೆ? ನೀನು ಬರ್ತೀಯಾ?" ದೊಡ್ಡಮ್ಮ ಕೇಳಿದರು. ಹುಡುಗಿ ನಕ್ಕು ಸನ್‌ಸ್ಕ್ರೀನ್ ಟ್ಯೂಬು ತೆಗೆದಳು. ಎಸ್‌ಪಿಎಫ್ 50. ಎರಡು ಬೆರಳಿನಷ್ಟು, ಎರಡು ಗಂಟೆಗೊಮ್ಮೆ. ಈಗ ಲೆಕ್ಕ ನನ್ನದು. ಒಂದು ಸಲಕ್ಕೆ ಹತ್ತಿರ ಹತ್ತಿರ ಒಂದು ಗ್ರಾಮ್. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕಕ್ಕೆ ಐದು ಸಲ. 50 ಗ್ರಾಮಿನ ಟ್ಯೂಬು ಹತ್ತು ದಿನಕ್ಕೆ ಖಾಲಿ. ಟ್ಯೂಬಿಗೆ 500. ತಿಂಗಳಿಗೆ 1,500, ಮುಖಕ್ಕೆ ಮಾತ್ರ. ಬೆವರಿನಲ್ಲಿ ಹೋಗಿದ್ದು ಬೇರೆ.

ಇದೂ ಬೇಡ ಅಂದವರಿಗೆ ಮೆಡಿಕಲ್ ಶಾಪಿನ ಅಗ್ಗದ ಕ್ರೀಮು ಇದ್ದೇ ಇದೆ. ಎಷ್ಟೋ ಕ್ರೀಮಿನಲ್ಲಿ ಸ್ಟೆರಾಯ್ಡ್ ಇರುತ್ತೆ. ಎರಡು ವಾರ ಮುಖ ಫಳಫಳ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಸಿಲು ಕಂಡರೆ ಮುಖ ಟೊಮೆಟೊ. ಆಗ ಮತ್ತೆ ಕ್ಲಿನಿಕ್ಕು. 2020ರಲ್ಲಿ 'ಫೇರ್ ಅಂಡ್ ಲವ್ಲಿ'ಯಲ್ಲಿದ್ದ ಫೇರ್ ಹೋಗಿ ಗ್ಲೋ ಬಂತು. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಮ್ಮ ಜಿಲ್ಲೆಗೆ ನೆರಳಿನ ಬೆಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ನರ್ಸರಿಯಲ್ಲಿ ಟೊಮೆಟೊ ಸಸಿಗೆ ಶೇಡ್‌ನೆಟ್ ಇದೆ. ಕ್ಯಾಪ್ಸಿಕಂಗೆ ಇದೆ. ಬಿಸಿಲಿಗೆ ಬೆಂದು ಬಿಳಿ ಮಚ್ಚೆ ಬಿದ್ದ ಹಣ್ಣನ್ನು ಮಂಡಿಯಲ್ಲಿ ಪಕ್ಕಕ್ಕೆ ಎಸೆಯುತ್ತಾರೆ, ಅದಕ್ಕೇ ಇಷ್ಟು ಕಾಳಜಿ. ಹಣ್ಣು ಕೀಳುವ ಹೆಂಗಸರಿಗೆ ಹರಾಜಿಲ್ಲ. ಹಾಗಾಗಿ ತಲೆಗೊಂದು ಟವೆಲ್ಲು.

'ಯೋಚನೆ ಮಾಡಿ ಬರ್ತೀವಿ' ಅಂತ ಹೇಳಿ ಹೊರಗೆ ಬಂದೆವು. ಮೂರು ಗಂಟೆ. ತಂಗುದಾಣದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಹೋರ್ಡಿಂಗಿನ ಹಿಂದೆ ಬಿದ್ದಿದ್ದ ಉದ್ದನೆಯ ನೆರಳಿನಲ್ಲಿ ಸಾಲಾಗಿ ನಿಂತಿದ್ದರು. ಕಾಲೇಜು ಹುಡುಗರು, ಸೊಪ್ಪಿನ ಬುಟ್ಟಿಯ ಅಜ್ಜಿ, ಖಾಕಿ ಷರಟಿನ ಡ್ರೈವರಣ್ಣ. ದೊಡ್ಡಮ್ಮ ಸೆರಗು ತಲೆಗೆ ಎಳೆದುಕೊಂಡು ಆ ಸಾಲಿಗೆ ನುಗ್ಗಿದರು.

"ಸ್ವಲ್ಪ ಆ ಕಡೆ ಸರಿಯಪ್ಪಾ. ಆ ಹುಡುಗಿ ಮೂಗಿನ ನೆರಳು ಪೂರ್ತಿ ನೀನೇ ತಗೊಂಡಿದ್ದೀಯ."