ಗೋ ಟು ಇಲ್ಲವೆಂದ ಮಾತ್ರಕ್ಕೆ

ಭಾನುವಾರ ಪುಣೆಯಿಂದ ಅಕ್ಕನ ಮಗ ಡೊಂಬಿವಲಿಗೆ ಬಂದಿದ್ದ. ನೀರುದೋಸೆ, ಕೋಳಿ ಸಾರು ಮುಗಿಯುತ್ತಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. "ನೋಡಿ ಮಾವ, ನಿಮ್ಮ ಕೋಬಾಲ್ ಹಾಗಲ್ಲ. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಒಂದು ಗೋ ಟು ಇಲ್ಲ" ಎಂದ.

ಕೋಬಾಲ್ ನಾನು ಪ್ರೋಗ್ರಾಮ್ ಬರೆಯುತ್ತ ಬಂದ ಹಳೆಯ ಭಾಷೆ. ಗೋ ಟು ಎಂದರೆ ಓಟವನ್ನು ಪ್ರೋಗ್ರಾಮಿನ ಇನ್ನೊಂದು ಸಾಲಿಗೆ ನೇರವಾಗಿ ಹಾರಿಸುವ ಆದೇಶ. ಅವನು ಬರೆದದ್ದು ಜಾವಾ ಎಂಬ ಭಾಷೆಯಲ್ಲಿ. ಜಾವಾದಲ್ಲಿ ಗೋ ಟು ಎಂಬ ಪದವನ್ನು ಕಾದಿರಿಸಿ ಇಟ್ಟಿದ್ದಾರೆಯೇ ಹೊರತು ಬಳಸಲು ಬಿಡುವುದಿಲ್ಲ. ಹೆಂಡದಂಗಡಿಯೇ ಇಲ್ಲದ ಊರಿನಲ್ಲಿ ಕುಳಿತು ನಾನು ಕುಡಿಯುವುದಿಲ್ಲ ಎಂದು ಬೀಗಿದ ಹಾಗಾಯಿತು.

ಓದಲು ಕುಳಿತೆ. ಒಂದೇ ಫಂಕ್ಷನ್ (ಒಂದು ಕೆಲಸಕ್ಕೆಂದು ಕಟ್ಟಿಟ್ಟ ಸಾಲುಗಳ ಗುಂಪು), ಆರುನೂರು ಸಾಲು. ಇಫ್ ಎಂಬ ಷರತ್ತಿನೊಳಗೆ ಇನ್ನೊಂದು ಇಫ್, ಅದರೊಳಗೆ ಸುತ್ತು ಹೊಡೆಯುವ ಲೂಪ್, ಮತ್ತೆ ಇಫ್. ಒಂಬತ್ತನೆಯ ಇಫ್ ಹೊತ್ತಿಗೆ ಸಾಲುಗಳು ಪರದೆಯ ಬಲ ಅಂಚಿಗೆ ಒರಗಿ ನಿಂತಿದ್ದವು. ನಡುವೆ ಕೆಲಸ ಮುಗಿಯಿತೋ ಇಲ್ಲವೋ ಎಂದು ಗುರುತಿಟ್ಟುಕೊಳ್ಳುವ ಎರಡು ಫ್ಲ್ಯಾಗ್: ಈಸ್‌ಡನ್, ಈಸ್‌ಡನ್2.

"ಎರಡನೆಯದು ಯಾಕೋ?"

"ಮೊದಲನೆಯದು ಕೆಲವೊಮ್ಮೆ ಸುಳ್ಳು ಹೇಳುತ್ತದೆ ಮಾವ."

ತಿಂದ ಕೋಳಿ ಗಂಟಲಿಗೆ ಬಂತು.

ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಬರೆದು, 1968ರ ಮಾರ್ಚ್‌ನಲ್ಲಿ ಎಸಿಎಂ ಎಂಬ ಗಣಕ ತಜ್ಞರ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಪತ್ರಕ್ಕೆ ಆತ ಕೊಟ್ಟಿದ್ದ ಹೆಸರು ಗೋ ಟು ವಿರುದ್ಧ ಒಂದು ವಾದ ಎಂದು. ಅದನ್ನು ಗೋ ಟು ಹಾನಿಕರ ಎಂದು ಬದಲಿಸಿದವರು ಸಂಪಾದಕ ನಿಕ್ಲೌಸ್ ವಿರ್ತ್. ಅಂದಿನಿಂದ ಇಂದಿನವರೆಗೆ ಜನ ಓದಿದ್ದು ಆ ಶೀರ್ಷಿಕೆಯನ್ನು ಮಾತ್ರ. (ನನ್ನ ಬರಹಗಳ ಕೆಳಗೆ ಪ್ರತಿಕ್ರಿಯಿಸುವ ಕೆಲವರು ಇಲ್ಲಿ ಮುಖ ಮುಚ್ಚಿಕೊಳ್ಳಬಹುದು.) ಒಳಗೆ ಡೈಕ್‌ಸ್ಟ್ರಾ ಹೇಳಿದ್ದು ಬೇರೆ. ಪ್ರೋಗ್ರಾಮ್ ಕಾಗದದ ಮೇಲೆ ಅಲುಗಾಡದೆ ಬಿದ್ದಿರುತ್ತದೆ, ಅದರ ಓಟ ಕಾಲದಲ್ಲಿ ನಡೆಯುತ್ತದೆ. ಓದುವವನು ಒಂದು ಸಾಲಿನ ಮೇಲೆ ಬೆರಳಿಟ್ಟರೆ ಓಟ ಅಲ್ಲಿಗೆ ಹೇಗೆ ಬಂದು ಮುಟ್ಟಿತು ಎಂಬುದು ತಿಳಿಯಬೇಕು. ಸಂಜೆ ಆರೂವರೆಗೆ ಮುಂಬೈಯ ದಾದರ್ ನಿಲ್ದಾಣದ ಸೇತುವೆಯ ಮೇಲೆ ನಿಂತು ನೋಡಿ. ಎದುರು ಬರುವವನು ಪಶ್ಚಿಮ ರೈಲ್ವೆಯಿಂದ ಇಳಿದವನೋ ಮಧ್ಯ ರೈಲ್ವೆಯವನೋ ಮುಖ ನೋಡಿ ಹೇಳಲು ಬರುವುದಿಲ್ಲ. ಗೋ ಟು ಬಂದು ಬೀಳುವ ಜಾಗ ಇಂಥದೊಂದು ದಾದರ್. ಅಳಿಯನ ಈಸ್‌ಡನ್2 ಕೂಡ ದಾದರ್.

ಬೋಮ್ ಮತ್ತು ಯಾಕೊಪಿನಿ ಎಂಬ ಇಬ್ಬರು 1966ರಲ್ಲೇ ಸಾಧಿಸಿ ತೋರಿಸಿದ್ದರು: ಒಂದಾದ ಮೇಲೊಂದು, ಇದೋ ಅದೋ, ಮತ್ತೆ ಮತ್ತೆ. ಈ ಮೂರೇ ರಚನೆಗಳಲ್ಲಿ ಯಾವ ಪ್ರೋಗ್ರಾಮನ್ನಾದರೂ ಬರೆಯಬಹುದು. ಆದರೆ ಎಂಥ ಗೋಜಲನ್ನೂ ಆ ಮೂರಕ್ಕೆ ಇಳಿಸಬೇಕಾದರೆ ಅಲ್ಲಲ್ಲಿ ಹೆಚ್ಚುವರಿ ಫ್ಲ್ಯಾಗ್ ಸೇರಿಸಬೇಕಾಗುತ್ತದೆ. ಗೋ ಟು ಹೋಗುತ್ತದೆ, ಗೋಜಲು ಫ್ಲ್ಯಾಗ್‌ಗಳಲ್ಲಿ ಅವಿತುಕೊಳ್ಳುತ್ತದೆ. ನಮ್ಮ ಹುಡುಗ ಆ ಪ್ರಮೇಯದ ಹೆಸರು ಕೇಳದೆಯೇ ಅದನ್ನು ಇನ್ನೊಮ್ಮೆ ಸಾಧಿಸಿದ್ದಾನೆ.

1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿಯ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆ ಮುಗ್ಗರಿಸಿತ್ತಲ್ಲ, ಅಲ್ಲಿನ ಅಪರಾಧಿ ಒಂದು ಬ್ರೇಕ್, ಅಂದರೆ ಇಲ್ಲಿಂದ ಹೊರಗೆ ಹಾರು ಎಂಬ ಆದೇಶ. ಸಿ ಭಾಷೆಯಲ್ಲಿ ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್ ಎಂಬ ರಚನೆಯೊಳಗಿನ ಇಫ್‌ನೊಳಗೆ ಕುಳಿತಿದ್ದ ಅದು ಇಡೀ ಸ್ವಿಚ್‌ನಿಂದಲೇ ಹೊರಗೆ ಹಾರಿತು. ಗೋ ಟು ಹುಡುಕಿಕೊಂಡು ಹೋದವರಿಗೆ ಸಿಗುವ ಕಳ್ಳನಲ್ಲ ಅದು.

ಈಗ ಯಾರೋ ಗಣಕ ವಿಜ್ಞಾನಿ ಡೊನಾಲ್ಡ್ ನುತ್ ಹೆಸರು ತೆಗೆಯುತ್ತೀರಿ. ಗೊತ್ತು ಮಾರಾಯರೇ. ಗೋ ಟು ಸಲ್ಲುವ ಕಡೆ ಸಲ್ಲುತ್ತದೆ ಎಂದು 1974ರಲ್ಲೇ ಬರೆದಿದ್ದಾರೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲೂ ಗೋ ಟು ಇದೆ: ನಡುವೆ ಏನಾದರೂ ಕೆಟ್ಟರೆ ಫಂಕ್ಷನ್ನಿನ ತುದಿಗೆ ಇಳಿದು, ಪಡೆದದ್ದನ್ನೆಲ್ಲ ಹಿಂದಿರುಗಿಸಿ ಹೊರನಡೆಯುತ್ತದೆ. ಅಲ್ಲಿ ಎಲ್ಲಿಂದ ಬಂದೆವೆಂಬುದು ಓದುವವನಿಗೆ ತಿಳಿಯುತ್ತದೆ. ನೀವು ನುತ್ ಆದ ದಿನ ನಿಮ್ಮ ಗೋ ಟುಗೂ ಕೈ ಮುಗಿಯುತ್ತೇನೆ.

ಇಷ್ಟು ಸಿಟ್ಟು ಯಾಕೆ ಎಂದು ಹೆಂಡತಿ ಕೇಳಿದಳು. ಫೋರ್ಟ್‌ನ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಈ ಕೆಲಸಕ್ಕೆ ಬಂದವನು ನಾನೆಂಬುದು ನಿಮಗೆಲ್ಲ ಗೊತ್ತು. ಇದು ಗೊತ್ತಿಲ್ಲ. 1994ರ ಒಂದು ತಿಂಗಳ ಕೊನೆ, ಬಡ್ಡಿ ಲೆಕ್ಕದ ಪ್ರೋಗ್ರಾಮ್. ಹೊಸದೊಂದು ಪ್ಯಾರಾಗ್ರಾಫ್ (ಕೋಬಾಲ್‌ನಲ್ಲಿ ಹೆಸರಿಟ್ಟ ಸಾಲುಗಳ ಗುಂಪು) ಬರೆದು, ಜಾಗ ಕಂಡಿತೆಂದು ಎರಡು ಹಳೆಯ ಪ್ಯಾರಾಗ್ರಾಫ್‌ಗಳ ನಡುವೆ ತೂರಿಸಿದೆ. ಆ ಎರಡನ್ನೂ ಪರ್ಫಾರ್ಮ್ ತ್ರೂ, ಅಂದರೆ ಇಲ್ಲಿಂದ ಅಲ್ಲಿಯವರೆಗೆ ಓಡಿಸು, ಎಂದು ಒಟ್ಟಿಗೆ ಓಡಿಸುತ್ತಿದ್ದ ಸಾಲು ನೂರಾರು ಸಾಲು ಮೇಲಿತ್ತು. ಕೋಬಾಲ್ ನಡುವೆ ಸಿಕ್ಕಿದ್ದೆಲ್ಲವನ್ನೂ ಓಡಿಸುತ್ತದೆ. ಸಾಲದ್ದಕ್ಕೆ ನಾನೂ ಅದನ್ನು ಪ್ರತ್ಯೇಕವಾಗಿ ಕರೆದಿದ್ದೆ. ಎಲ್ಲರಿಗೂ ಬಡ್ಡಿ ಎರಡು ಸಲ ಜಮೆಯಾಯಿತು. ವಿಟಿಯಿಂದ ಕೊನೆಯ ಲೋಕಲ್ ಹೊರಟು ಹೋದ ಮೇಲೂ ನಾನು ಏಸಿಯ ಚಳಿಯಲ್ಲಿ, ನೆಲದುದ್ದಕ್ಕೂ ಹಾಸಿದ ಪ್ರಿಂಟ್‌ಔಟ್ ಮೇಲೆ ಮೊಣಕಾಲೂರಿ, ಪೆನ್ಸಿಲ್‌ನಿಂದ ಬಾಣ ಎಳೆಯುತ್ತಿದ್ದೆ.

ಆ ಪ್ರೋಗ್ರಾಮಿನಲ್ಲೂ ಗೋ ಟು ಇರಲಿಲ್ಲ. ಬೆಳಿಗ್ಗೆಯಷ್ಟೇ ನಾನೂ ಬೀಗಿದ್ದೆ.

ಅಳಿಯ ಮುಖ ಊದಿಸಿಕೊಂಡು ಆರು ಗಂಟೆಗೆ ಹೊರಟ. ರಾತ್ರಿ ಹನ್ನೊಂದಕ್ಕೆ ಸಂದೇಶ ಬಂತು: "ಮಾವ, ಈಸ್‌ಡನ್2 ತೆಗೆದೆ. ಈಗ ನಿಲ್ಲುವುದೇ ಇಲ್ಲ."